ಉಳವಿಯ ಏರಿನಲ್ಲಿ

ಉಳವಿ ಎಂದೊಡನೆ ವಾಚಕರಲ್ಲಿ ಬಹಳ ಮಂದಿಗೆ ಉತ್ತರ ಕನ್ನಡದ ಅಡವಿಯ ನಡುವೆ ಚೆನ್ನಬಸವಣ್ಣನವರ ಸಮಾಧಿಯಿರುವ ಪುಣ್ಯಕ್ಷೇತ್ರ ನೆನಪಿಗೆ ಬಂದೀತು. ನಾನು ಹೇಳಹೊರಟಿರುವ ಉಳವಿ ಅದಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಸಾಗರಕ್ಕೂ ಸೊರಬಕ್ಕೂ ನಡುವೆ, ಗದ್ದೆ ತೋಟಗಳ ಮಗ್ಗುಲಲ್ಲಿ ಇರುವ ಹೋಬಳಿಯ ಊರು ಇದು. ನಮ್ಮ ಕಾಲೇಜಿನ ಮಿತ್ರರೊಬ್ಬರು ನಾನು ಉಳವಿಗೆ ಹೊರಟಿರುವೆನೆಂದು ಕೇಳಿ, ತಮಗೂ ಒಂದಿಷ್ಟು ಪ್ರಸಾದ ತರುವಂತೆ ಹೇಳಿದರು. ತಂದುಕೊಡುತ್ತೇನೆಂದೆ. ಭೂಮಿ ಹುಣ್ಣಿಮೆಯ ಕಡುಬು ಯಾವ ಪ್ರಸಾದಕ್ಕೆ ಕಡಿಮೆ?

ಮಲೆನಾಡಿನ ಈ ಭಾಗದಲ್ಲಿ ಆಶ್ವಯುಜ ಮಾಸದ ಹುಣ್ಣಿಮೆಯಂದು ಬೆಳೆದು ನಿಂತ ಪೈರಿಗೆ ಪೂಜೆ ಸಲ್ಲುತ್ತದೆ. ತೆನೆ ಹೊತ್ತ ಭೂಮಿಯು ಬಸುರಿಯೆಂದೂ, ಬಸುರಿಯ ಬಯಕೆಯನ್ನು ತೀರಿಸಬೇಕೆಂದೂ ಒಕ್ಕಲಿನ ನಂಬಿಕೆ. ಹೆಂಗಸರು ಇರುಳೆಲ್ಲ ನಿದ್ದೆಗೆಟ್ಟು ಬಗೆಬಗೆಯ ಸೊಪ್ಪು ತರಕಾರಿಗಳನ್ನು ಬೇಯಿಸುತ್ತಾರೆ. ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯನ್ನು ಹೊತ್ತು ಗದ್ದೆಗೆ ನಡೆಯುತ್ತಾರೆ. ನನ್ನ ಸೋದರಮಾವ ಹುಟ್ಟಿದ ಮನೆ ಉಳವಿಯ ಬಳಿಯ ಒಂದು ಹಳ್ಳಿಯಲ್ಲಿದೆ. ಸಾಗರದಲ್ಲಿ ಅಕ್ಕಿಗಿರಣಿ ನಡೆಸುತ್ತ ಐವತ್ತು ವರ್ಷ ಕಳೆದರೂ ಈ ಹಬ್ಬಕ್ಕೆ ಅವರು ಹುಟ್ಟಿದ ಮನೆಯ ಗದ್ದೆಗೆ ಹೋಗುವುದನ್ನು ತಪ್ಪಿಸಿದವರಲ್ಲ. ತಪ್ಪಿದ್ದು ಈಚಿನ ಎರಡು ವರ್ಷ ಮಾತ್ರ. ಪಾರ್ಶ್ವವಾಯು ಬಡಿದು ಅವರ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಸಿದುಕೊಂಡಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ಹೇಳಬೇಕೆಂದದ್ದು ಕಣ್ಣಿನವರೆಗೆ ಬರುತ್ತಿತ್ತು. ನಾಲಗೆಗೆ ಬರುವಾಗ ಒಂದೋ ಎರಡೋ ಪದವಾಗಿ ಉದುರುತ್ತಿತ್ತು.

ಮಾವನಿಗೆ ಒಂದು ಮೋಟಾರು ಇತ್ತು. ಅದು ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ ತಯಾರಾದ 1964ರ ಎಂ.ಜಿ. ಮಿಡ್ಜೆಟ್. ಕಡುಹಸಿರು ಬಣ್ಣ, ಎರಡೇ ಆಸನ, ಮೇಲೆ ಮಡಚಿಡುವ ಕ್ಯಾನ್‌ವಾಸಿನ ಮುಚ್ಚಳ, 1098 ಸಿ.ಸಿ.ಯ ಸಣ್ಣ ಎಂಜಿನ್ನು, ಅದಕ್ಕೆ ಜೋಡಿ ಕಾರ್ಬ್ಯುರೇಟರುಗಳು. ಚಿಕ್ಕಮಗಳೂರಿನ ಕಡೆಯ ಕಾಫಿತೋಟವೊಂದರಿಂದ ಅದನ್ನು ಕೊಂಡು ತಂದಾಗ ಅಕ್ಕಿಗಿರಣಿಯವನಿಗೆ ಇದೆಂಥ ಹುಚ್ಚು ಎಂದು ಪೇಟೆಯೆಲ್ಲ ನಕ್ಕಿತಂತೆ. ನಮ್ಮ ಅತ್ತೆಯವರು ಮಾತ್ರ ನಗಲಿಲ್ಲ. "ಇಬ್ಬರೇ ಕೂರುವ ಬಂಡಿಯಲ್ಲಿ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ?" ಎಂದು ಕೇಳಿದ ಆ ಪ್ರಶ್ನೆಗೆ ಉತ್ತರ ಬರಲಿಲ್ಲವಾದ್ದರಿಂದ ಅವರು ಇಂದಿನವರೆಗೂ ಅದರಲ್ಲಿ ಕುಳಿತವರಲ್ಲ, ಹಬ್ಬಕ್ಕೆ ಬಸ್ಸಿನಲ್ಲೇ ಹೋಗುತ್ತಾರೆ, ಮತ್ತು ಬಹುಶಃ ಮಾವನಿಗಿಂತ ಮೊದಲೇ ತಲುಪುತ್ತಾರೆ.

ಬೆಂಗಳೂರಿನಲ್ಲಿರುವ ಮಾವನ ಮಗ ಈ ವರ್ಷ ಮೋಟಾರನ್ನು ಮಾರಿಬಿಡುವುದೆಂದು ತೀರ್ಮಾನಿಸಿದ. ಅವನನ್ನು ನಾನು ದೂರುವುದಿಲ್ಲ. ಎರಡು ವರ್ಷ ಕೊಟ್ಟಿಗೆಯಲ್ಲಿ ನಿಂತ ಬಂಡಿಯನ್ನು ಯಾರು ನೋಡಿಕೊಳ್ಳಬೇಕು? ಹಬ್ಬದ ನಂತರದ ಭಾನುವಾರ ಕೊಳ್ಳುವವರು ನೋಡಲು ಬರುವುದೆಂದು ಗೊತ್ತಾಯಿತು. ಸುದ್ದಿಯನ್ನು ಕೇಳಿದ ಮಾವ ಏನೂ ಅನ್ನಲಿಲ್ಲ. ಎಡಗೈಯಿಂದ ಗೋಡೆಯ ಪಂಚಾಂಗದಲ್ಲಿ ಹುಣ್ಣಿಮೆಯ ದಿನವನ್ನು ತೋರಿಸಿದರು. ಆಮೇಲೆ ಕೊಟ್ಟಿಗೆಯನ್ನು ತೋರಿಸಿದರು. ಆಮೇಲೆ ನನ್ನನ್ನು ತೋರಿಸಿದರು. ದಸರೆಯ ರಜೆಗೆ ಬಂದಿದ್ದ ನಾನು ಒಪ್ಪಿಕೊಂಡೆ.

ಕನ್ನಡದ ಎಂ.ಎ. ಪದವಿಗೂ ಮೋಟಾರು ರಿಪೇರಿಗೂ ಏನೇನೂ ಸಂಬಂಧವಿಲ್ಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಕಾಲದಲ್ಲಿ ಕೈಯೊಳಗಿನ ದೂರವಾಣಿಯ ತೆರೆಯ ಮೇಲೆ ಸಕಲ ವಿದ್ಯೆಗಳೂ ದೊರೆಯುತ್ತವಲ್ಲ! ಅದನ್ನು ನೋಡಿಕೊಂಡು ಎರಡೂ ಕಾರ್ಬ್ಯುರೇಟರುಗಳನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹಿತ್ತಾಳೆಯ ಭಾಗಗಳೆಲ್ಲ ಹೊಳೆಯುವಂತೆ ಮಾಡಿ ಜೋಡಿಸಿದೆ. ಎಂಜಿನ್ನು ಓಡತೊಡಗಿತು. ನಿಂತಲ್ಲಿ ಅದರ ಸದ್ದು ಎಷ್ಟು ಇಂಪಾಗಿತ್ತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕುರ್ಚಿಯಲ್ಲಿ ಕುಳಿತಿದ್ದ ಮಾವ "ಎಣ್ಣೆ" ಎಂದರು. ನಾನು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ತೋರಿಸಿದೆ. ಗೆರೆಯ ತನಕ ಎಣ್ಣೆ ಇತ್ತು. ಅವರು ತಲೆಯಾಡಿಸಿ ಇನ್ನೊಮ್ಮೆ "ಎಣ್ಣೆ" ಎಂದರು. ಆಗಲಿ ಮಾವ, ಬದಲಾಯಿಸೋಣ ಎಂದೆ, ಬದಲಾಯಿಸಿದೆ ಕೂಡ.

ರಸ್ತೆಗೆ ಇಳಿದ ಮೇಲೆ ರೋಗ ಕಾಣಿಸಿತು. ನಿಧಾನವಾಗಿ ಹೋಗುವವರೆಗೆ ಎಲ್ಲವೂ ಸರಿ. ಏರು ಬಂದಿತೆಂದೋ, ಮುಂದಿನ ಬಂಡಿಯನ್ನು ದಾಟಬೇಕೆಂದೋ ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಿದರೆ, ಎಂಜಿನ್ನು ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಕೆಮ್ಮಿ, ಎದೆಯ ಮೇಲೆ ಕಲ್ಲಿಟ್ಟವರಂತೆ ತಡೆದು, ಅನಂತರ ಏನೂ ಆಗಲಿಲ್ಲವೆಂಬಂತೆ ಮುನ್ನುಗ್ಗುತ್ತಿತ್ತು. ದೊಡ್ಡ ಪೇಟೆಯ ಕಾರ್ಖಾನೆಯೊಂದಕ್ಕೆ ಒಯ್ದೆ. ಅಲ್ಲಿ ಪ್ಲಗ್ಗುಗಳು, ಪಾಯಿಂಟುಗಳು, ಕಂಡೆನ್ಸರು, ಕಾಯಿಲು, ಹೀಗೆ ಕಿಡಿಗೆ ಸಂಬಂಧಿಸಿದ ಎಲ್ಲವನ್ನೂ ಒಂದೇ ದಿನ ಬದಲಾಯಿಸಿ, ನನ್ನ ಅರ್ಧ ತಿಂಗಳ ಸಂಬಳವನ್ನು ಎಣಿಸಿಕೊಂಡು ಕಳುಹಿಸಿದರು. ಕೆಮ್ಮು ಹಾಗೆಯೇ ಉಳಿಯಿತು.

ಹುಣ್ಣಿಮೆಯ ಮುಂಜಾನೆ ಮಾವನನ್ನು ಎತ್ತಿ ಎಡಗಡೆಯ ಆಸನದಲ್ಲಿ ಕೂರಿಸಿ, ಕಂಬಳಿ ಹೊದಿಸಿ ಹೊರಟೆ. ಮುಚ್ಚಳವನ್ನು ಹಿಂದಕ್ಕೆ ಮಡಚಬೇಕೆಂದು ಅವರ ಕೈಸನ್ನೆಯಾಯಿತು, ಮಡಚಿದೆ. ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟಿ ಬನವಾಸಿಯ ಕಡೆಗೆ ಹರಿಯುವ ವರದೆಯ ಸೀಮೆ ಇದು. ಮಂಜು ಇನ್ನೂ ಗದ್ದೆಯ ಮೇಲೆ ಮಲಗಿತ್ತು. ತೆನೆ ಬಾಗಿದ ಭತ್ತ, ಅದರ ಅಂಚಿಗೆ ಅಡಕೆಯ ತೋಟ, ತೋಟದ ಬೆನ್ನಿಗೆ ಕಾನು. ಈ ಮೂರರ ಸಾಲು ಬಿಡಿಸಿ ಬಿಡಿಸಿ ಮತ್ತೆ ಬರುತ್ತದೆ. ಕಾನೆಂದರೆ ಬರಿಯ ಕಾಡಲ್ಲ. ಮೆಣಸಿನ ಬಳ್ಳಿ, ಬಗನೆ, ಹಲಸು, ನೀರಿನ ಸೆಲೆ, ಒಂದು ದೇವರ ಬನ ಎಲ್ಲವೂ ಸೇರಿ ಊರವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಿತ್ಯಹಸಿರಿನ ತುಂಡು. ಸೊರಬದ ಕಾನುಗಳ ವಿಷಯವಾಗಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು 1868ರಲ್ಲಿ ಒಂದು ವರದಿಯನ್ನು ಬರೆದಿದ್ದಾರೆ. ಅಂದಿನ ಎಷ್ಟೋ ಕಾನುಗಳ ಜಾಗದಲ್ಲಿ ಇಂದು ಶುಂಠಿಯೂ ಅನಾನಸೂ ಅಕೇಶಿಯದ ನೆಡುತೋಪುಗಳೂ ಇವೆ. ಉಳಿದ ಕಾನಿನ ನೆರಳಿಗೆ ರಸ್ತೆ ಹೊಕ್ಕಾಗ ಮೈಗೆ ತಟ್ಟನೆ ತಂಪು ತಾಗುತ್ತದೆ. ಮುಚ್ಚಳವಿಲ್ಲದ ಮೋಟಾರಿನಲ್ಲಿ ಕುಳಿತವರಿಗೆ ಆ ತಂಪಿನ ಗಡಿ ಕೂಡ ತಿಳಿಯುತ್ತದೆ. ಮಾವ ಕಣ್ಣು ಮುಚ್ಚಿ, ನೆರಳು ಬಂದಾಗೆಲ್ಲ ಮೂಗನ್ನು ಸ್ವಲ್ಪ ಮೇಲೆತ್ತುತ್ತಿದ್ದರು.

ಉಳವಿ ಇನ್ನೇನು ಬಂತು ಎನ್ನುವಾಗ ಒಂದು ಏರಿದೆ. ನಮ್ಮ ಮುಂದೆ ಹುಲ್ಲು ಹೇರಿದ ಟ್ರಾಕ್ಟರು ತೆವಳುತ್ತಿತ್ತು. ದಾಟೋಣವೆಂದು ಬಲಕ್ಕೆ ತೆಗೆದು ಒತ್ತಿದೆ. ಎಂಜಿನ್ನು ಸರಿಯಾಗಿ ರಸ್ತೆಯ ನಡುಮಧ್ಯದಲ್ಲಿ ಕೆಮ್ಮಿತು. ಏರಿನ ನೆತ್ತಿಯಲ್ಲಿ ಶುಂಠಿ ಚೀಲಗಳ ಲಾರಿಯೊಂದು ತಲೆಯೆತ್ತಿತು. ಆ ಒಂದು ಕ್ಷಣ ಎಷ್ಟು ದೊಡ್ಡದೆಂಬುದನ್ನು ಬರೆದು ತಿಳಿಸಲು ನನ್ನಿಂದಾಗದು. ಲಾರಿಯವನು ಪುಣ್ಯಾತ್ಮ, ಚಕ್ರವನ್ನು ಚರಂಡಿಗೆ ಇಳಿಸಿ ದಾರಿ ಬಿಟ್ಟ. ಟ್ರಾಕ್ಟರಿನ ಮುಂದೆ ಹೋಗಿ ಬದಿಗೆ ನಿಲ್ಲಿಸಿದಾಗ ನನ್ನ ಮೊಣಕಾಲುಗಳು ನಡುಗುತ್ತಿದ್ದವು. ಮಾವ ಶಾಂತವಾಗಿ ನನ್ನತ್ತ ತಿರುಗಿ ಮೂರನೆಯ ಸಲ ಹೇಳಿದರು: "ಎಣ್ಣೆ."

ನಾನು ರೇಗಿಬಿಟ್ಟೆ. "ಎಣ್ಣೆ ಇದೆ ಮಾವ! ಎಷ್ಟು ಸಲ ಹೇಳಲಿ?" ಎಂದೆ. ಮಾತು ಕಳೆದುಕೊಂಡವರ ಮೇಲೆ ದನಿಯೆತ್ತುವುದು ಎಂಥ ಸುಲಭದ ಕೆಲಸ! ಅವರು ಮುಖ ತಿರುಗಿಸಿ ಗದ್ದೆಯ ಕಡೆಗೆ ನೋಡತೊಡಗಿದರು.

ಉಳವಿಯಲ್ಲಿ ಚಹದ ಅಂಗಡಿಯವರು ಒಬ್ಬ ಮಿಸ್ತ್ರಿಯನ್ನು ತೋರಿಸಿದರು. ಪಂಪ್‌ಸೆಟ್ಟು, ಪವರ್ ಟಿಲ್ಲರು, ಅಡಕೆ ಸುಲಿಯುವ ಯಂತ್ರ ಇವೇ ಅವರ ದಿನದ ಗಿರಾಕಿಗಳು. ವಯಸ್ಸು ಅರವತ್ತು ದಾಟಿರಬೇಕು. ಹಬ್ಬದ ದಿನವಾದ್ದರಿಂದ ಬಿಳಿ ಪಂಚೆ ಉಟ್ಟಿದ್ದರು. ಆದರೂ ಮಿಡ್ಜೆಟ್ಟನ್ನು ಕಂಡು ಪಂಚೆಯನ್ನು ಎತ್ತಿ ಕಟ್ಟಿಕೊಂಡರು.

"ಮಿಸ್ಸಿಂಗ್ ಹೊಡೀತದೆ" ಎಂದು ನಾನು ಆರಂಭಿಸಿದೆ.

"ತಡೀರಿ ಮೇಷ್ಟ್ರೇ. ಮಿಸ್ಸಿಂಗೇ ಬೇರೆ, ಪಿಕಪ್ ಇಲ್ದೆ ಇರೋದೇ ಬೇರೆ. ನಿಂತಾಗ ಹೊಡೀತದಾ? ಸಮ ಸ್ಪೀಡಲ್ಲಿ ಹೊಡೀತದಾ?"

"ಇಲ್ಲ. ಒಮ್ಮೆಗೇ ಒತ್ತಿದಾಗ ಮಾತ್ರ."

"ಒತ್ತಿ ಹಿಡಿದ್ರೆ? ಆಮೇಲೆ ಏರು ಹತ್ತತದಾ?"

"ಚೆನ್ನಾಗಿಯೇ ಹತ್ತುತ್ತದೆ."

"ಹಂಗಾರೆ ಅದು ಮಿಸ್ಸಿಂಗ್ ಅಲ್ಲ" ಎಂದರು. ಪದಗಳ ವ್ಯಾಪಾರವನ್ನೇ ಹೊಟ್ಟೆಪಾಡಿಗೆ ನಂಬಿದ ನಾನು ಹದಿನೈದು ದಿನ ತಪ್ಪು ಪದವನ್ನು ಬಳಸುತ್ತಿದ್ದೆ. ತಪ್ಪು ಪದದಿಂದಲೇ ಕಾರ್ಖಾನೆಯವರು ಕಿಡಿಯ ಕಡೆಗೆ ಹೋಗಿದ್ದರು. ಬದಲಾಯಿಸಿದ ಸಾಮಾನುಗಳ ಪಟ್ಟಿಯನ್ನು ಕೊಟ್ಟೆ. ಅದನ್ನು ಓದಿ ಅವರು ಹೇಳಿದ್ದು ಇಷ್ಟು: "ಇಷ್ಟೆಲ್ಲ ಹೊಸದು ಹಾಕಿದ ಮೇಲೂ ಹಂಗೇ ಇದ್ರೆ, ಇದ್ಯಾವುದೂ ಅಲ್ಲ ಅಂತ ಆತಲ್ಲ. ದುಡ್ಡು ಹೋದ್ರೂ ಒಂದು ವಿಷಯ ಗೊತ್ತಾತು."

ಆದರೂ ಕಿಡಿಯ ಕಡೆಯ ಒಂದು ಅನುಮಾನವನ್ನು ಅವರು ಬಿಡಲಿಲ್ಲ. ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ನಾಳ ಹೋಗುತ್ತದೆ. ಆಕ್ಸಿಲರೇಟರು ಒತ್ತಿದಂತೆ ಅದರ ಎಳೆತ ಬದಲಾಗಿ ಒಳಗಿನ ತಟ್ಟೆ ತಿರುಗುತ್ತದೆ. ತಟ್ಟೆಗೆ ಕಟ್ಟಿದ ಎಳೆತಂತಿ ವರ್ಷಗಟ್ಟಲೆ ಬಾಗಿ ಬಾಗಿ ಒಳಗೇ ಮುರಿದಿದ್ದರೆ, ತಟ್ಟೆ ತಿರುಗಿದಾಗ ಮಾತ್ರ ಕಿಡಿ ತಪ್ಪುತ್ತದೆ. ನಾಳವನ್ನು ಕಳಚಿ ಬಾಯಿಗೆ ಮೊಳೆ ತುರುಕಿ ಏರಿನಲ್ಲಿ ಒಮ್ಮೆ ಓಡಿಸಲು ಹೇಳಿದರು. ಕೆಮ್ಮು ಹಾಗೆಯೇ ಇತ್ತು. ನಾಳವನ್ನು ಸಿಕ್ಕಿಸಿ, ಈಗ ಚೋಕನ್ನು ಅರ್ಧ ಎಳೆದು ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಓಡಿಸಬೇಕೆಂದರು. ಓಡಿಸಿದೆ. ಕೆಮ್ಮು ಮುಕ್ಕಾಲುಪಾಲು ಮಾಯವಾಗಿತ್ತು!

ಚೋಕು ಎಳೆದರೆ ಗಾಳಿಗಿಂತ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಹೆಚ್ಚಿಸಿದಾಗ ಗುಣವಾದರೆ ರೋಗವು ಪೆಟ್ರೋಲಿನ ಕೊರತೆ. ಆದರೆ ಒತ್ತಿ ಹಿಡಿದಾಗ ಏರು ಹತ್ತುವುದರಿಂದ ಪಂಪಿನಲ್ಲಿ, ಜಾಲರಿಯಲ್ಲಿ ಕೊರತೆಯಿಲ್ಲ. ಅಲ್ಲಿ ಕಟ್ಟಿಕೊಂಡಿದ್ದರೆ ಹೊತ್ತು ಹೋದಂತೆ ಹೆಚ್ಚು ಸೊರಗಬೇಕಿತ್ತು. ಕೊರತೆ ಇರುವುದು ಒತ್ತಿದ ಮೊದಲ ಕ್ಷಣದಲ್ಲಿ ಮಾತ್ರ. ಆ ಕ್ಷಣವನ್ನು ಕಾಯುವವನು ಯಾರು? ಮಿಸ್ತ್ರಿ ಗಾಳಿಯ ಡಬ್ಬವನ್ನು ಬಿಚ್ಚಿ, ಕಾರ್ಬ್ಯುರೇಟರಿನ ಬಾಯೊಳಗೆ ಬೆರಳಿಟ್ಟು ಒಳಗಿನ ಪಿಸ್ಟನ್ನನ್ನು ಮೇಲಕ್ಕೆತ್ತಿದರು. ಅದು ಗರಿಯಂತೆ ಹಗುರಾಗಿ ಎದ್ದು, ಬಿಟ್ಟಾಗ ಟಕ್ಕೆಂದು ಬಿದ್ದಿತು. ಎರಡನೆಯದೂ ಅಷ್ಟೇ.

"ಬೀಳೋದು ಸರಿ. ಏಳೋದು ಸರಿಯಿಲ್ಲ. ಏಳೋವಾಗ ಬೆರಳಿಗೆ ಭಾರ ಸಿಗಬೇಕು" ಎಂದು, ಮೇಲಿನ ಗಂಟೆಯಾಕಾರದ ಬಟ್ಟಲಿನ ನೆತ್ತಿಯಲ್ಲಿದ್ದ ಸಣ್ಣ ಕರಿಯ ಮುಚ್ಚಳವನ್ನು ತಿರುಗಿಸಿ ತೆಗೆದರು. ಮುಚ್ಚಳದ ಕೆಳಗೆ ಒಂದು ಕಂಬಿ, ಅದರ ತುದಿಯಲ್ಲಿ ಪುಟ್ಟ ಗುಂಡು. ಕಂಬಿಯನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು. ಬೆರಳು ಒಣಗಿತ್ತು.

"ಇಲ್ಲಿ ಎಣ್ಣೆ ಎಲ್ಲಿ ಮೇಷ್ಟ್ರೇ?"

ಆಸನದಿಂದ ಮಾವ "ಎಣ್ಣೆ, ಎಣ್ಣೆ" ಎಂದು ಎರಡು ಸಲ ಕೂಗಿದರು. ಎಡಗೈಯಿಂದ ಬಾಗಿಲನ್ನು ಬಡಿದರು. ಆ ಹದಿನೈದು ದಿನಗಳಲ್ಲಿ ನಾನು ಕೇಳಿರದಷ್ಟು ಗಟ್ಟಿಯಾದ ದನಿ ಅದು.

ಈ ಕಾರ್ಬ್ಯುರೇಟರಿನ ಹೆಸರು ಎಸ್.ಯು. ಸ್ಕಿನ್ನರ್ ಎಂಬ ಸೋದರರ ಜಂಟಿ ಸಾಹಸವಾದ್ದರಿಂದ ಸ್ಕಿನ್ನರ್ಸ್ ಯೂನಿಯನ್ ಎಂದು ಅದನ್ನು ಕರೆದರು. ಅವರದು ಪಾದರಕ್ಷೆಯ ವ್ಯಾಪಾರದ ಮನೆತನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಮಾಡಿದ ಮೊದಲ ಕಾರ್ಬ್ಯುರೇಟರಿನಲ್ಲಿ ಪಿಸ್ಟನ್ನಿನ ಬದಲು ಚರ್ಮದ ತಿದಿಯೇ ಇತ್ತು. ಅದರ ಕೆಲಸ ಸರಳ. ಎಂಜಿನ್ನು ಹೆಚ್ಚು ಗಾಳಿ ಎಳೆದಂತೆ ಪಿಸ್ಟನ್ನು ಮೇಲೇಳುತ್ತದೆ. ಅದಕ್ಕೆ ಕಟ್ಟಿದ ಚೂಪಾದ ಸೂಜಿಯೂ ಮೇಲೆದ್ದು ಪೆಟ್ರೋಲಿನ ರಂಧ್ರ ಅಗಲವಾಗುತ್ತದೆ. ಆದರೆ ಗಾಳಿ ಹಗುರು, ಪೆಟ್ರೋಲು ಭಾರ. ಥಟ್ಟನೆ ಒತ್ತಿದಾಗ ಗಾಳಿ ಮೊದಲು ನುಗ್ಗುತ್ತದೆ, ಪೆಟ್ರೋಲು ಹಿಂದೆ ಬೀಳುತ್ತದೆ. ಅದಕ್ಕಾಗಿ ಪಿಸ್ಟನ್ನಿನ ಟೊಳ್ಳು ಕಂಬದಲ್ಲಿ ಒಂದಿಷ್ಟು ಎಣ್ಣೆ ತುಂಬಿ, ಅದರಲ್ಲಿ ಆ ಗುಂಡನ್ನು ಇಳಿಬಿಟ್ಟಿರುತ್ತಾರೆ. ಎಣ್ಣೆಯ ತಡೆಯಿಂದ ಪಿಸ್ಟನ್ನು ಕೂಡಲೇ ಹಾರದೆ ನಿಧಾನವಾಗಿ ಏಳುತ್ತದೆ. ಆ ವಿಳಂಬದಲ್ಲಿ ಕೆಳಗಿನ ಕಿಂಡಿ ಇಕ್ಕಟ್ಟಾಗಿಯೇ ಉಳಿದು, ಎಳೆತ ಹೆಚ್ಚಿ, ಪೆಟ್ರೋಲು ಜಾಸ್ತಿ ಬರುತ್ತದೆ. ಕೆಳಗೆ ಬೀಳುವಾಗ ಮಾತ್ರ ತಡೆಯಿಲ್ಲ. ನಾನು ತೊಳೆದು ಹೊಳೆಯಿಸುವ ಭರದಲ್ಲಿ ಆ ಎಣ್ಣೆಯನ್ನು ಪೆಟ್ರೋಲಿನ ಜೊತೆ ಚೆಲ್ಲಿದ್ದೆ. ನೋಡಿದ ಚಲಚ್ಚಿತ್ರದ ಕೊನೆಯ ಎರಡು ನಿಮಿಷಗಳನ್ನು ನೋಡುವ ತಾಳ್ಮೆ ನನಗಿರಲಿಲ್ಲ. ಎಣ್ಣೆ ಹಾಕುವ ಸಂಗತಿ ಅಲ್ಲಿತ್ತೆಂದು ಆಮೇಲೆ ಗೊತ್ತಾಯಿತು.

ಪವರ್ ಟಿಲ್ಲರಿಗೆ ಹಾಕುವ ಎಂಜಿನ್ ಎಣ್ಣೆಯನ್ನೇ ಚಮಚದಷ್ಟು ಟೊಳ್ಳಿನ ಬಾಯಿಯ ತನಕ ತುಂಬಿ, ಮುಚ್ಚಳ ತಿರುಗಿಸಿದರು. ಬೆರಳಿನಿಂದ ಎತ್ತಿದಾಗ ಪಿಸ್ಟನ್ನು ಈಗ ಎಮ್ಮೆಯಂತೆ ಸಾವಕಾಶವಾಗಿ ಎದ್ದಿತು. ನಾನು ಇನ್ನಷ್ಟು ಏನಾದರೂ ಸರಿಪಡಿಸಲು ಕೇಳಿಕೊಂಡೆ. "ಒಂದು ಮಾಡಿ ಒಂದು ನೋಡಿ" ಎಂದು ಪುನಃ ಏರಿಗೆ ಕಳುಹಿಸಿದರು. ಒತ್ತಿದೆ. ಎಂಜಿನ್ನು ಬಾಣದಂತೆ ಹೊರಟಿತು. ಬಹಳ ಸೂಕ್ಷ್ಮವಾದ ಒಂದು ತಡೆ ಮಾತ್ರ ಉಳಿದಿತ್ತು. ಹಿಂದಿರುಗಿ ಬಂದಾಗ ಅದನ್ನೂ ಹೇಳಿದೆ.

"ಅದು ಈಗಿನ ಪೆಟ್ರೋಲಿಂದು" ಎಂದರು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಯುವುದು ಸಾಮಾನ್ಯವಾಗಿದೆ. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತು ಬರುವುದರಿಂದ, ಬರಿಯ ಪೆಟ್ರೋಲಿಗಾಗಿ ಅಳೆದ ಹಳೆಯ ಸೂಜಿಯ ಲೆಕ್ಕದಲ್ಲಿ ಮಿಶ್ರಣ ತೆಳುವಾಗುತ್ತದೆ. ರಂಧ್ರದ ಕೆಳಗಿನ ಆರು ಮುಖದ ನಟ್ಟನ್ನು ಎರಡೂ ಕಡೆ ಒಂದೊಂದೇ ಮುಖದಷ್ಟು ಕೆಳಕ್ಕೆ ತಿರುಗಿಸಿದರು. ತೋಟಕ್ಕೆ ಹನಿ ನೀರಾವರಿ ಮಾಡುವ ಕರಿಯ ಪೈಪಿನ ತುಂಡನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಂದು ಬಾಯಿಗೂ ಮತ್ತೊಂದು ಬಾಯಿಗೂ ಹಿಡಿದು, ಎರಡರ ಉಸಿರೂ ಸಮವಾಗಿದೆಯೆಂದು ಕೇಳಿ ತಿಳಿದರು. ಪೈಪನ್ನು ಮಾವನ ಕಿವಿಗೂ ಕೊಟ್ಟರು. ಅವರು ಕೇಳಿ, ತಲೆದೂಗಿದರು. ಹಳೆಯ ರಬ್ಬರು ನಾಳಗಳನ್ನು ಎಥನಾಲು ಮೆತ್ತಗೆ ಮಾಡಿ ಕರಗಿಸುತ್ತದೆಂದೂ, ಮೊದಲು ಅವನ್ನು ಬದಲಾಯಿಸಬೇಕೆಂದೂ ಎಚ್ಚರಿಸಿ, ಹಬ್ಬದ ದಿನ ದುಡ್ಡು ಮುಟ್ಟುವುದಿಲ್ಲವೆಂದು ಕೈ ತೊಳೆದುಕೊಂಡರು.

"ಎಸ್.ಯು. ನಿಮಗೆ ಹೇಗೆ ಗೊತ್ತು?" ಎಂದು ಕೇಳದೆ ಇರಲಾಗಲಿಲ್ಲ.

ಅವರು ಮಾವನ ಕಡೆಗೆ ಕೈ ತೋರಿಸಿದರು. "ಯಜಮಾನ್ರು ಹಬ್ಬಕ್ಕೆ ಬಂದಾಗ ಇದೇ ಜಾಗದಲ್ಲಿ ನಿಲ್ಲಿಸ್ತಿದ್ರು. ಆಗ ನಾನು ಹುಡುಗ. ಮುಚ್ಚಳ ತೆಗೆದು ನಾಕು ಹನಿ ಬಿಡೋ ಕೆಲಸ ನಂಗೆ ಕೊಡ್ತಿದ್ರು. ನಾಕಾಣೆ ಕೊಡ್ತಿದ್ರು." ಅಷ್ಟು ಹೊತ್ತಿನವರೆಗೂ ಇಬ್ಬರೂ ಪರಿಚಯದ ಸುಳಿವನ್ನೇ ಕೊಟ್ಟಿರಲಿಲ್ಲ. ಮಾವನಿಗೆ ಹೇಳಲಾಗುತ್ತಿರಲಿಲ್ಲ; ಮಿಸ್ತ್ರಿಗೆ, ಯಜಮಾನರಿಗೆ ತನ್ನ ಗುರುತು ಉಳಿದಿದೆಯೋ ಇಲ್ಲವೋ ಎಂಬ ಸಂಕೋಚ.

ಗದ್ದೆ ತಲುಪುವಾಗ ಪೂಜೆ ಆರಂಭವಾಗಿತ್ತು. ಬಸ್ಸಿನಲ್ಲಿ ಬಂದಿದ್ದ ಅತ್ತೆ ಬದುವಿನ ಮೇಲೆ ನಿಂತು "ಈಗ ಬಂದಿರೋ?" ಎಂದರು. ಇಬ್ಬರು ಹುಡುಗರು ಮಾವನನ್ನು ಕುರ್ಚಿ ಸಮೇತ ಎತ್ತಿ ಬದುವಿಗೆ ತಂದರು. ಬುಟ್ಟಿಯ ಎಡೆಯನ್ನು ಅವರ ಎಡಗೈಗೆ ಕೊಟ್ಟಾಗ, ಎಡಗೈಯಿಂದ ಬೀರಬಹುದೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಪೈರಿನ ಮೇಲೆ ಅನ್ನ ಸೊಪ್ಪುಗಳು ಬಿದ್ದವು. ಎರಡು ಕಾಗೆಗಳು ಕೂಡಲೇ ಬಂದವು. ಆಮೇಲೆ ಬಾಳೆಲೆ, ಕೆಸುವಿನ ಪಲ್ಯ, ಸೌತೆಕಾಯಿಯ ಕಡುಬು. ಮಿತ್ರರ ಪ್ರಸಾದವನ್ನು ಕಟ್ಟಿಸಿಕೊಂಡೆ.

ಹಿಂದಿರುಗುವಾಗ ಅದೇ ಏರಿನಲ್ಲಿ ಮಾವ ನನ್ನ ಕಾಲಿನ ಕಡೆ ನೋಡಿದರು. ಒತ್ತಬೇಕೆಂದು ಅರ್ಥ. ರಸ್ತೆ ಬರಿದಾಗಿತ್ತು. ಒತ್ತಿದೆ. "ಮಾವ, ಬೆಳಿಗ್ಗೆ ರೇಗಿದ್ದು ತಪ್ಪಾಯಿತು" ಎಂದೆ. ಗಾಳಿಯ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ, ಎಡಗೈಯನ್ನು ಬಾಗಿಲಿನ ಹೊರಗೆ ಚಾಚಿ ಗಾಳಿಯನ್ನು ಹಿಡಿಯುತ್ತಿದ್ದರು.

ಭಾನುವಾರ ಕೊಳ್ಳುವವರು ಬಂದರು. ಹುಬ್ಬಳ್ಳಿಯ ಕಡೆಯ ಯುವಕರು, ಸಜ್ಜನರು, ಬೆಲೆಯಲ್ಲಿ ಚೌಕಾಶಿ ಮಾಡಲಿಲ್ಲ. ಮಾವ ಕೊಟ್ಟಿಗೆಯ ಗೂಡಿನಲ್ಲಿದ್ದ ಮೂತಿಯುದ್ದದ ಸಣ್ಣ ಎಣ್ಣೆ ಡಬ್ಬಿಯನ್ನು ನನ್ನಿಂದ ತರಿಸಿ, ಅದನ್ನು ಎಡಗೈಯಿಂದ ಆ ಯುವಕನಿಗೆ ಕೊಟ್ಟು "ಎಣ್ಣೆ" ಎಂದರು. ಅವನು ವಿನಯದಿಂದ ತೆಗೆದುಕೊಂಡು, ಬಾನೆಟ್ ಎತ್ತಿ, ಎಂಜಿನ್ನಿನ ಅಳತೆಯ ಕಡ್ಡಿಯನ್ನು ಎಳೆದು ನೋಡಿದ. "ಸರಿಯಾಗಿದೆ ಸಾರ್" ಎಂದ.

ಮಾವ ನನ್ನ ಕಡೆಗೆ ನೋಡಿದರು. ನಾನು ಮುಂದೆ ಹೋಗಿ, ಆ ಸಣ್ಣ ಕರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದೆ.